ಟೆರಾಕೋಟಾ ನೆಲಕ್ಕೆ ಎಷ್ಟು ದಪ್ಪದ ಟೈಲು ಬೇಕು? ಆರಿಸುವ ಮುನ್ನ ತಿಳಿದಿರಬೇಕಾದ ವಿಷಯಗಳು

ಮನೆಗೆ ಟೆರಾಕೋಟಾ ನೆಲ ಹಾಕಿಸಬೇಕೆಂದು ನಿರ್ಧರಿಸಿದವರು ಬಣ್ಣ, ಅಳತೆ, ದರ ಎಲ್ಲವನ್ನೂ ವಿಚಾರಿಸಿಕೊಂಡ ಮೇಲೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: 12 ಮಿ.ಮೀ. ದಪ್ಪದ ಟೈಲು ಸಾಕೇ, ಅಥವಾ 20 ಮಿ.ಮೀ.ನದೇ ಬೇಕೇ? ಅಂಗಡಿಯವರನ್ನು ಕೇಳಿದರೆ ತಮ್ಮಲ್ಲಿ ದಾಸ್ತಾನು ಇರುವುದನ್ನೇ ಒಳ್ಳೆಯದೆನ್ನುತ್ತಾರೆ, ಗಾರೆಯವರನ್ನು ಕೇಳಿದರೆ ತಮಗೆ ಕೂರಿಸಲು ಸುಲಭವಾದದ್ದನ್ನು ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಒಂದಷ್ಟು ನಿಜವಿದೆ. ಆದರೆ ಸರಿಯಾದ ಉತ್ತರ ಸಿಗುವುದು ನಿಮ್ಮ ಮನೆಯ ನೆಲವನ್ನು ನೋಡಿದಾಗ ಮಾತ್ರ. ಟೈಲಿನ ಕೆಳಗೆ ಏನಿದೆ, ಬಾಗಿಲಿನ ಅಡಿಗೆ ಎಷ್ಟು ಜಾಗ ಉಳಿದಿದೆ, ಮೇಲೆ ಯಾವ ಭಾರ ಬೀಳಲಿದೆ ಎಂಬ ಮೂರು ಸಂಗತಿಗಳು ಇತ್ಯರ್ಥವಾದರೆ ದಪ್ಪ ಬಹುಮಟ್ಟಿಗೆ ತಾನಾಗಿ ನಿರ್ಧಾರವಾಗುತ್ತದೆ.

ಮೊದಲಿಗೆ ಒಂದು ಸ್ಪಷ್ಟನೆ. ಇಲ್ಲಿ ಟೆರಾಕೋಟಾ ಎನ್ನುವುದು ಜೇಡಿಮಣ್ಣನ್ನು ಅಚ್ಚಿಗೆ ಹಾಕಿ, ಒಣಗಿಸಿ, ಗೂಡಿನಲ್ಲಿ ಸುಟ್ಟು ಮಾಡಿದ, ಮೇಲೆ ಗಾಜಿನ ಹೊಳಪಿನ ಲೇಪವಿಲ್ಲದ ಕೆಂಪು ಟೈಲನ್ನು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಕರಾವಳಿಯಲ್ಲಿ ಬೆಳೆದ ಉದ್ಯಮದಲ್ಲಿ ಮಾಡಿನ ಹಂಚಿನ ಜೊತೆಗೆ ನೆಲದ ಟೈಲುಗಳೂ ತಯಾರಾದವು. ತಮಿಳುನಾಡಿನ ಆತ್ತಂಗುಡಿಯ ಬಣ್ಣದ ಟೈಲುಗಳನ್ನೂ ಕೆಲವರು ಇದೇ ಗುಂಪಿಗೆ ಸೇರಿಸುತ್ತಾರೆ. ಅವು ಸಿಮೆಂಟಿನವು, ಸುಡದೆ ನೀರಿನಲ್ಲಿ ಕ್ಯೂರಿಂಗ್ ಮಾಡಿದವು. ಅವುಗಳಿಗೆ ಈ ಲೇಖನದ ಲೆಕ್ಕಗಳು ಹೊಂದುವುದಿಲ್ಲ.

ಕೈಯಲ್ಲಿ ಇರಬೇಕಾದ ಸಾಮಾನು ಹೆಚ್ಚಿಲ್ಲ: ಅಳತೆ ಟೇಪು, ಉದ್ದನೆಯ ಮಟ್ಟಗೋಲು, ರಸಮಟ್ಟ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಮತ್ತು ಸಾಧ್ಯವಾದರೆ ಒಂದು ವರ್ನಿಯರ್ ಕ್ಯಾಲಿಪರ್, ಅಂದರೆ ವಸ್ತುವನ್ನು ಎರಡು ದವಡೆಗಳ ನಡುವೆ ಹಿಡಿದು ಮಿಲಿಮೀಟರಿನ ಭಾಗಗಳವರೆಗೆ ದಪ್ಪ ಅಳೆಯುವ ಸಾಧನ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನ ಕ್ಯಾಲಿಪರ್ ಈ ಕೆಲಸಕ್ಕೆ ಸಾಕು.

1. ಟೈಲಿನ ಕೆಳಗಿನ ನೆಲವನ್ನು ಪರೀಕ್ಷಿಸಿ

ದಪ್ಪದ ಪ್ರಶ್ನೆ ನಿಜವಾಗಿ ಆರಂಭವಾಗುವುದು ಇಲ್ಲಿಂದ. ಕೆಳಗಿನಿಂದ ಪೂರ್ತಿ ಆಧಾರ ಸಿಕ್ಕಿದ ಟೈಲಿನ ಮೇಲೆ ಭಾರ ಬಿದ್ದರೆ ಆ ಭಾರ ಟೈಲನ್ನು ಒತ್ತಿ ನೇರವಾಗಿ ಕೆಳಗಿಳಿಯುತ್ತದೆ, ಮತ್ತು ಸುಟ್ಟ ಮಣ್ಣು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಕೆಳಗೆ ಎಲ್ಲಾದರೂ ಟೊಳ್ಳು ಉಳಿದಿದ್ದರೆ ಅದೇ ಭಾರ ಟೈಲನ್ನು ಬಗ್ಗಿಸಲು ಯತ್ನಿಸುತ್ತದೆ, ಆಗ ತಳಭಾಗ ಹಿಗ್ಗಲಾರದೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಟೆರಾಕೋಟಾ ನೆಲಗಳಲ್ಲಿ ಹೆಚ್ಚಿನವುಗಳ ದೋಷ ಕೆಳಗಿನ ಗಾರೆಯಲ್ಲಿ ಇರುತ್ತದೆಯೇ ಹೊರತು ಟೈಲಿನ ದಪ್ಪದಲ್ಲಿ ಅಲ್ಲ.

ಹೊಸ ಮನೆಯ ನೆಲ ಅಂತಸ್ತಾದರೆ ತುಂಬಿದ ಮಣ್ಣನ್ನು ನೀರು ಹಾಕಿ ಪದರ ಪದರವಾಗಿ ದಮ್ಮಸು ಮಾಡಿ, ಮೇಲೆ ಸುಮಾರು 4 ಇಂಚಿನ ಬೆಡ್ ಕಾಂಕ್ರೀಟ್ ಹಾಕಿ, ಅದು ಚೆನ್ನಾಗಿ ನೀರು ಕುಡಿದು ಗಟ್ಟಿಯಾಗಿದೆಯೇ ಎಂದು ನೋಡಿ. ಬೆಡ್ ಕಾಂಕ್ರೀಟ್ ಎಂದರೆ ಟೈಲಿಗೂ ಮಣ್ಣಿಗೂ ನಡುವೆ ಹಾಕುವ ಕಬ್ಬಿಣವಿಲ್ಲದ ಸಾದಾ ಕಾಂಕ್ರೀಟು. ಇದಿದ್ದರೆ ಮನೆಯೊಳಗೆ 12ರಿಂದ 15 ಮಿ.ಮೀ. ದಪ್ಪದ ಟೈಲು ಯಾವ ಆತಂಕವೂ ಇಲ್ಲದೆ ನಿಲ್ಲುತ್ತದೆ. ಹಳೆಯ ಮನೆಗಳಲ್ಲಿ ಕಾಂಕ್ರೀಟ್ ಇಲ್ಲದೆ ಮಣ್ಣು, ಮರಳು, ಸುಣ್ಣದ ಗಾರೆಯ ಮೇಲೆಯೇ ನೆಲ ಹಾಸಿರುತ್ತಾರೆ. ಅಂಥ ನೆಲವನ್ನು ಹಾಗೆಯೇ ಉಳಿಸಿಕೊಂಡು ಹೊಸ ಟೈಲು ಹಾಕುವುದಾದರೆ 20 ಮಿ.ಮೀ.ಗಿಂತ ಕಡಿಮೆಗೆ ಹೋಗಬೇಡಿ, ಏಕೆಂದರೆ ಅಲ್ಲಿ ಸಣ್ಣಪುಟ್ಟ ಕುಸಿತವನ್ನು ಟೈಲೇ ತಾಳಿಕೊಳ್ಳಬೇಕಾಗುತ್ತದೆ.

ಹಳೆಯ ರೆಡ್ ಆಕ್ಸೈಡ್ ಅಥವಾ ಮೊಸಾಯಿಕ್ ನೆಲದ ಮೇಲೆಯೇ ಟೈಲು ಅಂಟಿಸುವ ಯೋಚನೆಯಿದ್ದರೆ, ಕರಣೆಯ ಮರದ ಹಿಡಿಯಿಂದ ನೆಲವನ್ನು ಅಡಿ ಅಡಿಗೂ ತಟ್ಟಿ ಕೇಳಿ. ಟೊಳ್ಳು ಶಬ್ದ ಬಂದ ಕಡೆ ಸೀಮೆಸುಣ್ಣದಿಂದ ಗುರುತು ಮಾಡಿ ಆ ಭಾಗವನ್ನು ಒಡೆದು ಹೊಸದಾಗಿ ತುಂಬಿಸಿ. ಬಳಿಕ ಮಟ್ಟಗೋಲನ್ನು ಅಡ್ಡಡ್ಡ ಇಟ್ಟು ಅದರ ಅಡಿಯಲ್ಲಿ ಕಾಣುವ ಸಂದಿಯನ್ನು ಅಳೆಯಿರಿ. ಈ ಏರುತಗ್ಗಿನ ಅಳತೆ ಏಳನೆಯ ಹಂತದಲ್ಲಿ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

2. ಎತ್ತರದ ಲೆಕ್ಕ ಹಾಕಿ

ಟೈಲಿನ ದಪ್ಪವನ್ನಷ್ಟೇ ನೋಡಿ ಕೆಳಗಿನ ಗಾರೆಯನ್ನು ಮರೆಯುವುದು ಅತಿ ಸಾಮಾನ್ಯವಾದ ತಪ್ಪು. ನೆಲ ಎಷ್ಟು ಏರುತ್ತದೆ ಎಂಬುದು ಎರಡೂ ಸೇರಿದ ಮೊತ್ತ. ಟೈಲು ಕೂರಿಸಲು ಎರಡು ದಾರಿಗಳಿವೆ. ಒಂದು, ಸಿಮೆಂಟು ಮರಳಿನ ಗಾರೆ. ಇದು ಸಾಮಾನ್ಯವಾಗಿ 25ರಿಂದ 40 ಮಿ.ಮೀ. ದಪ್ಪವಿರುತ್ತದೆ. ಇನ್ನೊಂದು, ಚೀಲದಲ್ಲಿ ಬರುವ ಟೈಲ್ ಅಡೆಸಿವ್, ಅಂದರೆ ನೀರಿನಲ್ಲಿ ಕಲಸಿ ಹಲ್ಲುಳ್ಳ ಕರಣೆಯಿಂದ ತೆಳುವಾಗಿ ಎಳೆಯುವ ಅಂಟುಗಾರೆ. ಇದು ಒತ್ತಿ ಕೂತ ಮೇಲೆ 3ರಿಂದ 6 ಮಿ.ಮೀ. ಇರುತ್ತದೆ.

ಹೊಸ ಮನೆಯ ಉದಾಹರಣೆ ತೆಗೆದುಕೊಳ್ಳಿ. ಬಾಗಿಲ ಚೌಕಟ್ಟು ನಿಲ್ಲಿಸುವಾಗ ಬೆಡ್ ಕಾಂಕ್ರೀಟಿನಿಂದ ಮುಗಿದ ನೆಲದವರೆಗೆ 2 ಇಂಚು, ಅಂದರೆ ಸುಮಾರು 50 ಮಿ.ಮೀ. ಬಿಟ್ಟಿದ್ದಾರೆ ಎಂದುಕೊಳ್ಳೋಣ. 20 ಮಿ.ಮೀ. ಟೈಲು, ಅದರ ಕೆಳಗೆ 30 ಮಿ.ಮೀ. ಗಾರೆ, ಲೆಕ್ಕ ಸರಿಹೋಯಿತು. ಅದೇ ಜಾಗದಲ್ಲಿ 12 ಮಿ.ಮೀ. ಟೈಲನ್ನು ಅಡೆಸಿವ್‌ನಿಂದ ಕೂರಿಸಿದರೆ ಒಟ್ಟು 17 ಮಿ.ಮೀ. ಮಾತ್ರ ಆಗುತ್ತದೆ. ಉಳಿದ 33 ಮಿ.ಮೀ.ಗೆ ಮೊದಲು ಒಂದು ಸ್ಕ್ರೀಡ್, ಅಂದರೆ ಮಟ್ಟ ಮಾಡುವ ಗಾರೆಯ ಪದರ, ಹಾಕಿ ಒಣಗಿಸಬೇಕು. ತೆಳು ಟೈಲಿನಲ್ಲಿ ಉಳಿದ ಹಣ ಆ ಪದರಕ್ಕೆ ಹೋಗುವುದರಿಂದ ಇಲ್ಲಿ 20 ಮಿ.ಮೀ.ನದೇ ಜಾಣತನದ ಆಯ್ಕೆ.

ಹಳೆಯ ಮನೆಯಲ್ಲಿ ಇದರ ತಿರುವುಮುರುವು. ಮುಚ್ಚಿದ ಬಾಗಿಲಿನ ಅಡಿಗೂ ನೆಲಕ್ಕೂ 12 ಮಿ.ಮೀ. ಸಂದಿಯಿದೆ ಎನ್ನಿ. 12 ಮಿ.ಮೀ. ಟೈಲು, 5 ಮಿ.ಮೀ. ಅಡೆಸಿವ್, ಟೈಲುಗಳ ದಪ್ಪದಲ್ಲಿನ ವ್ಯತ್ಯಾಸಕ್ಕೆಂದು 2 ಮಿ.ಮೀ., ಬಾಗಿಲು ತಿರುಗಲು 6 ಮಿ.ಮೀ. ಸೇರಿಸಿದರೆ ಒಟ್ಟು 25 ಮಿ.ಮೀ. ಬೇಕು. ಹಾಗಾಗಿ ಬಾಗಿಲನ್ನು ಅಡಿಯಲ್ಲಿ 13 ಮಿ.ಮೀ. ಕೊಯ್ಯಬೇಕು. ಗಟ್ಟಿ ಮರದ ಬಾಗಿಲಿಗೆ ಇದರಿಂದ ತೊಂದರೆಯಿಲ್ಲ. ಫ್ಲಶ್ ಬಾಗಿಲಾದರೆ, ಅಂದರೆ ಮರದ ಪಟ್ಟಿಗಳ ಚೌಕಟ್ಟಿನೊಳಗೆ ತುಂಬು ಇಟ್ಟು ಎರಡೂ ಬದಿಗೆ ಹಾಳೆ ಅಂಟಿಸಿದ ಬಾಗಿಲಾದರೆ, ಹೆಚ್ಚು ಕೊಯ್ದಾಗ ಅಡಿಯ ಮರದ ಪಟ್ಟಿಯೇ ಹೋಗಿ ಒಳಗಿನ ತುಂಬು ಹೊರಬರುತ್ತದೆ, ಮಳೆಗಾಲದಲ್ಲಿ ಅದು ನೀರು ಎಳೆದು ಉಬ್ಬುತ್ತದೆ. ಇಂಥ ಮನೆಯಲ್ಲಿ 20 ಮಿ.ಮೀ. ಟೈಲನ್ನು 30 ಮಿ.ಮೀ. ಗಾರೆಯ ಮೇಲೆ ಕೂರಿಸುವ ಮಾತೇ ಬರುವುದಿಲ್ಲ. ಹಳೆಯ ನೆಲವನ್ನು ಅಗೆದು ತೆಗೆದರೆ ಮಾತ್ರ ಸಾಧ್ಯ.

ಮೆಟ್ಟಿಲನ್ನು ಮರೆಯಬೇಡಿ. ಹಜಾರದ ನೆಲ 20 ಮಿ.ಮೀ. ಏರಿ ಮೆಟ್ಟಿಲುಗಳು ಹಾಗೆಯೇ ಉಳಿದರೆ ಹಜಾರದಿಂದ ಹತ್ತುವ ಮೊದಲ ಮೆಟ್ಟಿಲು ಅಷ್ಟು ಗಿಡ್ಡವಾಗುತ್ತದೆ, ಹಜಾರದಿಂದ ಅಂಗಳಕ್ಕೆ ಇಳಿಯುವ ಮೆಟ್ಟಿಲು ಅಷ್ಟು ಎತ್ತರವಾಗುತ್ತದೆ. ಕಾಲಿಗೆ ಅಭ್ಯಾಸವಾದ ಎತ್ತರದಲ್ಲಿ ಒಂದೇ ಒಂದು ಮೆಟ್ಟಿಲು ಬೇರೆಯಾದರೂ ಎಡವುತ್ತಾರೆ, ಅದರಲ್ಲೂ ವಯಸ್ಸಾದವರು. ಬಚ್ಚಲುಮನೆಯ ಹೊಸಿಲಿನ ಬಳಿಯೂ ಹೀಗೆಯೇ ನೋಡಿಕೊಳ್ಳಿ. ಬಚ್ಚಲಿನ ನೆಲ ಹೊರಗಿನ ನೆಲಕ್ಕಿಂತ ತಗ್ಗಾಗಿಯೇ ಉಳಿಯಬೇಕು.

3. ಮೇಲೆ ಬೀಳುವ ಭಾರವನ್ನು ಅಂದಾಜು ಮಾಡಿ

ಜನ ಓಡಾಡುವುದರಿಂದ ಟೈಲಿಗೆ ಬೀಳುವ ಭಾರ ದೊಡ್ಡದೇನಲ್ಲ. ಸಣ್ಣ ಜಾಗದ ಮೇಲೆ ಒಟ್ಟಾಗಿ ಬೀಳುವ ಭಾರ ಮತ್ತು ಪೆಟ್ಟು ಇವೆರಡೇ ಕೆಡುಕು ಮಾಡುವಂಥವು. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ತೂಗುತ್ತದೆ, ಅದನ್ನು ಓರೆ ಮಾಡಿ ಉರುಳಿಸಿ ತರುವಾಗ ಆ ತೂಕವೆಲ್ಲ ಅಡಿಯ ಬಳೆಯ ಒಂದು ಅಂಚಿನ ಮೇಲೆ ನಿಲ್ಲುತ್ತದೆ. ತುಂಬಿದ ಬೀರುವಿನ ನಾಲ್ಕು ಕಾಲುಗಳು, ಸ್ಕೂಟರಿನ ಸೆಂಟರ್ ಸ್ಟ್ಯಾಂಡ್, ಹಿತ್ತಿಲ ಜಗಲಿಯಲ್ಲಿ ಇಟ್ಟ ಒರಳು ಕಲ್ಲು, ತೆಂಗಿನಕಾಯಿ ಒಡೆಯುವ ಜಾಗ, ಇವೆಲ್ಲವನ್ನೂ ಮನೆಯ ನಕ್ಷೆಯ ಮೇಲೆ ಗುರುತಿಸಿ.

ಇದಕ್ಕೊಂದು ಸರಳವಾದ ನಿಯಮವಿದೆ. ಒಂದೇ ಮಣ್ಣಿನ, ಒಂದೇ ಸುಡುವಿಕೆಯ, ಒಂದೇ ಅಗಲದ ಎರಡು ಟೈಲುಗಳಲ್ಲಿ, ಬಗ್ಗಿಸಿ ಮುರಿಯಲು ಬೇಕಾದ ಭಾರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಮುರಿಯಲು ನಾಲ್ಕು ಪಟ್ಟು ಭಾರ ಬೇಕು. ಆದ್ದರಿಂದ 15 ಮಿ.ಮೀ.ನಿಂದ 20ಕ್ಕೆ ಏರಿದಾಗ ತಾಳುವ ಶಕ್ತಿ ಹೆಚ್ಚುಕಡಿಮೆ 1.8 ಪಟ್ಟಾಗುತ್ತದೆ, 12ರಿಂದ 20ಕ್ಕೆ ಏರಿದರೆ 2.8 ಪಟ್ಟಿನ ಹತ್ತಿರ ಬರುತ್ತದೆ. ಗಾರೆಯಲ್ಲಿ ತಿಳಿಯದೆ ಉಳಿದ ಸಣ್ಣ ಟೊಳ್ಳುಗಳಿಗೆ ಎದುರಾಗಿ ಸಿಗುವ ಭದ್ರತೆ ಇದು.

ಇದರ ಆಧಾರದ ಮೇಲೆ ನಾನು ಸೂಚಿಸುವ ದಪ್ಪಗಳು ಹೀಗಿವೆ. ಮಲಗುವ ಕೋಣೆ, ದೇವರ ಕೋಣೆ, ಓದುವ ಕೋಣೆಗಳಿಗೆ 12ರಿಂದ 15 ಮಿ.ಮೀ. ಸಾಕು. ಹಜಾರ, ಚಾವಡಿ, ಅಡುಗೆಮನೆಗೆ 15ರಿಂದ 20. ಜಗಲಿ, ಒಳಾಂಗಣ, ಹಿತ್ತಿಲ ಕಡೆಯ ಕೆಲಸದ ಜಾಗ, ಮೆಟ್ಟಿಲುಗಳಿಗೆ 20ರಿಂದ 25. ಮೆಟ್ಟಿಲಿನಲ್ಲಿ ಟೈಲಿನ ಅಂಚನ್ನು ಗಾರೆಯ ಆಧಾರವಿಲ್ಲದೆ ಹೊರಚಾಚಬಾರದು. ಅಂಚು ದುಂಡಾಗಿಸಿದ ಮೆಟ್ಟಿಲ ಟೈಲುಗಳೇ ಬೇರೆ ಸಿಗುತ್ತವೆ, ಅವನ್ನೇ ತನ್ನಿ. ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಗೆ ಭಾರವೇ ಇಲ್ಲದ ಕಾರಣ 10ರಿಂದ 12 ಮಿ.ಮೀ. ಇದ್ದರೆ ನೋಡಲೂ ಚೆನ್ನ.

ಕಾರು ನಿಲ್ಲಿಸುವ ಜಾಗಕ್ಕೆ ನೆಲದ ಟೈಲು ಬೇಡವೇ ಬೇಡ, 25 ಮಿ.ಮೀ.ನದಾದರೂ ಬೇಡ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಚಕ್ರ ಟೈಲನ್ನು ಒತ್ತುವುದಲ್ಲದೆ ಪಕ್ಕಕ್ಕೂ ತಿರುಚುತ್ತದೆ, ಮೊದಲು ಸಂದುಗಳು ಬಿಡುತ್ತವೆ, ಆಮೇಲೆ ಮೂಲೆಗಳು ಒಡೆಯುತ್ತವೆ. ಕೆಂಪು ಮಣ್ಣಿನ ಬಣ್ಣವೇ ಬೇಕೆಂದಿದ್ದರೆ 50 ಮಿ.ಮೀ. ಅಥವಾ ಅದಕ್ಕೂ ದಪ್ಪನಾದ ಕ್ಲೇ ಪೇವರ್‌ಗಳು, ಅಂದರೆ ಇಟ್ಟಿಗೆಯಂತೆ ಗಟ್ಟಿಯಾಗಿ ಸುಟ್ಟ ಹಾಸುಬಿಲ್ಲೆಗಳು, ಸಿಗುತ್ತವೆ.

4. ಟೈಲಿನ ಅಗಲಕ್ಕೂ ದಪ್ಪಕ್ಕೂ ಹೊಂದಾಣಿಕೆ ನೋಡಿ

ಟೈಲು ಅಗಲವಾದಷ್ಟೂ ದಪ್ಪವಾಗಿರಬೇಕು. ಅಗಲವಾದ ತೆಳು ಟೈಲು ಒಣಗುವಾಗಲೂ ಸುಡುವಾಗಲೂ ಬಾಗುತ್ತದೆ, ಬಾಗಿದ್ದು ಗಾರೆಯ ಮೇಲೆ ಪೂರ್ತಿ ಕೂರುವುದಿಲ್ಲ. ಮಣ್ಣಿನ ನೆಲಟೈಲುಗಳಿಗಾಗಿ ಭಾರತೀಯ ಮಾನಕ ಬ್ಯೂರೋ ರೂಪಿಸಿರುವ ಐಎಸ್ 1478 ಮಾನಕದಲ್ಲಿಯೂ ಇದೇ ತತ್ವ ಕಾಣುತ್ತದೆ: 150 ಮಿ.ಮೀ. ಚೌಕಕ್ಕೆ 15 ಅಥವಾ 20, 200 ಮಿ.ಮೀ. ಚೌಕಕ್ಕೆ 20 ಅಥವಾ 25, 250 ಮಿ.ಮೀ. ಚೌಕಕ್ಕೆ 30 ಮಿ.ಮೀ. ದಪ್ಪ. ಮಾರುಕಟ್ಟೆಯಲ್ಲಿ 12 ಇಂಚಿನ, ಅಂದರೆ ಸುಮಾರು 300 ಮಿ.ಮೀ. ಚೌಕದ ಟೈಲುಗಳು ಇದಕ್ಕಿಂತ ತೆಳುವಾಗಿಯೂ ಸಿಗುತ್ತವೆ. ಅಂಥವನ್ನು ಕೊಳ್ಳುವುದಾದರೆ ಯಂತ್ರದಲ್ಲಿ ಒತ್ತಿದ, ಬಾಗಿಲ್ಲದ ಟೈಲುಗಳನ್ನೇ ಆರಿಸಿ, ಮತ್ತು ಭಾರದ ಜಾಗಗಳಲ್ಲಿ ಬಳಸಬೇಡಿ. ಬಚ್ಚಲು, ತಾರಸಿಯಂಥ ಇಳಿಜಾರು ಬೇಕಾದ ಕಡೆ 6 ಇಂಚಿನ ಸಣ್ಣ ಟೈಲು ಇಳಿಜಾರಿಗೆ ಹೊಂದಿಕೊಂಡು ಕೂರುತ್ತದೆ, ದೊಡ್ಡದರ ಮೂಲೆಗಳು ಏಳುತ್ತವೆ.

5. ಮಹಡಿಯಾದರೆ ತೂಕವನ್ನೂ ಲೆಕ್ಕಿಸಿ

ಟೆರಾಕೋಟಾ ಒಂದು ಘನ ಮೀಟರಿಗೆ 1,800ರಿಂದ 2,000 ಕಿಲೋ ತೂಗುತ್ತದೆ. ಅಂದರೆ 20 ಮಿ.ಮೀ. ದಪ್ಪದ ಟೈಲು ಚದರ ಮೀಟರಿಗೆ 36ರಿಂದ 40 ಕಿಲೋ, ಚದರಡಿಗೆ ಸುಮಾರು 3.5 ಕಿಲೋ. ಆದರೆ ನಿಜವಾದ ಭಾರ ಇರುವುದು ಅದರ ಕೆಳಗಿನ ಗಾರೆಯಲ್ಲಿ. 40 ಮಿ.ಮೀ. ಗಾರೆ ಒಂದೇ ಚದರ ಮೀಟರಿಗೆ ಸುಮಾರು 80 ಕಿಲೋ ಆಗುತ್ತದೆ, ಟೈಲು ಸೇರಿದರೆ 120 ಕಿಲೋದ ಹತ್ತಿರ. 12 ಮಿ.ಮೀ. ಟೈಲನ್ನು ಅಡೆಸಿವ್‌ನಿಂದ ಕೂರಿಸಿದರೆ ಅದೇ ಜಾಗದಲ್ಲಿ 35 ಕಿಲೋ ಒಳಗೇ ಮುಗಿಯುತ್ತದೆ. ಹೊಸ ಮನೆಯ ಸ್ಲ್ಯಾಬ್ ವಿನ್ಯಾಸ ಮಾಡುವಾಗ ನೆಲಹಾಸಿಗೆಂದು ಚದರ ಮೀಟರಿಗೆ 100ರಿಂದ 150 ಕಿಲೋ ಹಿಡಿಯುವುದು ವಾಡಿಕೆ, ಆದ್ದರಿಂದ ಅಲ್ಲಿ ಸಾಮಾನ್ಯವಾಗಿ ತೊಂದರೆಯಾಗದು. ಹಳೆಯ ಸ್ಲ್ಯಾಬಿನಲ್ಲಿ ಈಗಾಗಲೇ ಇರುವ ಮೊಸಾಯಿಕ್ಕಿನ ಮೇಲೆ ಮತ್ತೆ ದಪ್ಪ ಗಾರೆ, ದಪ್ಪ ಟೈಲು ಹೇರುವುದಾದರೆ ಸ್ಟ್ರಕ್ಚರಲ್ ಎಂಜಿನಿಯರರನ್ನು ಕೇಳದೆ ಮುಂದುವರಿಯಬೇಡಿ. ಮರದ ತೊಲೆಯ ಮೇಲಿನ ಅಟ್ಟಕ್ಕಂತೂ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ತಾರಸಿಯ ಬಗ್ಗೆ ಪ್ರತ್ಯೇಕವಾಗಿ ಕೇಳುವವರಿದ್ದಾರೆ: ದಪ್ಪ ಟೈಲು ಹಾಕಿದರೆ ಕೆಳಗಿನ ಕೋಣೆ ತಂಪಾಗುತ್ತದೆಯೇ? ಟೈಲಿನ 5 ಮಿ.ಮೀ. ಹೆಚ್ಚು ದಪ್ಪದಿಂದ ಗಮನಕ್ಕೆ ಬರುವಷ್ಟು ತಂಪು ಸಿಗದು. ಶಾಖ ತಡೆಯುವ ಕೆಲಸವನ್ನು ಮಾಡುವುದು ಮುಖ್ಯವಾಗಿ ಟೈಲಿನ ಕೆಳಗಿನ ಇಟ್ಟಿಗೆಚೂರು ಮತ್ತು ಸುಣ್ಣದ ಪದರ. ಹಾಗೆಯೇ ದಪ್ಪ ಟೈಲು ನೆಲದ ತೇವವನ್ನು ತಡೆಯುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಟೆರಾಕೋಟಾ ರಂಧ್ರಗಳುಳ್ಳ ವಸ್ತು, 30 ಮಿ.ಮೀ. ಇದ್ದರೂ ತೇವ ಮೇಲೇರುತ್ತದೆ, ಜೊತೆಗೆ ಉಪ್ಪನ್ನೂ ತಂದು ಮೇಲ್ಮೈಯಲ್ಲಿ ಬಿಳಿಯಾಗಿ ಬಿಡುತ್ತದೆ. ಅದಕ್ಕೆ ಮದ್ದು ಬೆಡ್ ಕಾಂಕ್ರೀಟಿನ ಕೆಳಗೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆ.

6. ಅಂಗಡಿಯಲ್ಲಿ ನೀವೇ ಅಳೆಯಿರಿ

ಕ್ಯಾಟಲಾಗಿನಲ್ಲಿ ಬರೆದ ದಪ್ಪವನ್ನು ನಂಬಿ ಆರ್ಡರ್ ಕೊಡಬೇಡಿ. ಮಣ್ಣು ಒಣಗುವಾಗ, ಸುಡುವಾಗ ಕುಗ್ಗುತ್ತದೆ, ಗೂಡಿನ ಒಂದೊಂದು ಭಾಗದಲ್ಲಿ ಶಾಖ ಒಂದೊಂದು ರೀತಿ ಇರುತ್ತದೆ. ಬೇರೆ ಬೇರೆ ಅಟ್ಟಿಗಳಿಂದ, ಮೇಲಿನಿಂದಲೂ ನಡುವಿನಿಂದಲೂ, ಹತ್ತು ಟೈಲುಗಳನ್ನು ಎಳೆದು ತೆಗೆಯಿಸಿ. ಪ್ರತಿಯೊಂದನ್ನೂ ನಾಲ್ಕು ಬದಿಗಳ ಮಧ್ಯದಲ್ಲಿ ಅಳೆದು ಬರೆದುಕೊಳ್ಳಿ. ಟೈಲಿನ ಹಿಂಬದಿಯಲ್ಲಿ ಗಾರೆ ಹಿಡಿಯಲೆಂದು ಗೀರುಗಳಿರುತ್ತವೆ. ಮಾರುವವರು ಹೇಳುವ ದಪ್ಪ ಈ ಏಣುಗಳನ್ನೂ ಸೇರಿಸಿದ್ದು, ಆದರೆ ಟೈಲು ಒಡೆಯುವುದು ಗೀರಿನ ತಗ್ಗಿನಲ್ಲಿ. ಏಣು ಸೇರಿ 15 ಮಿ.ಮೀ. ಇದ್ದು ತಗ್ಗಿನಲ್ಲಿ 11 ಮಾತ್ರ ಉಳಿದಿದ್ದರೆ ಅದನ್ನು 11 ಮಿ.ಮೀ. ಟೈಲೆಂದೇ ಪರಿಗಣಿಸಿ.

ಅಳತೆಯ ಬಳಿಕ ಎರಡು ಟೈಲುಗಳನ್ನು ಮುಖಕ್ಕೆ ಮುಖ ಸೇರಿಸಿ ಹಿಡಿದು ಬೆಳಕಿಗೆ ಒಡ್ಡಿ. ನಡುವೆ ಅಥವಾ ಮೂಲೆಯಲ್ಲಿ ಕಾಣುವ ಬೆಳಕೇ ಬಾಗಿನ ಪ್ರಮಾಣ. ಆಮೇಲೆ ಒಂದು ಟೈಲನ್ನು ಬೆರಳ ತುದಿಯಲ್ಲಿ ತೂಗಿ ಹಿಡಿದು ನಾಣ್ಯದಿಂದ ತಟ್ಟಿ. ಚೆನ್ನಾಗಿ ಸುಟ್ಟದ್ದು ಲೋಹದಂತೆ ಕಣಕಣ ಎನ್ನುತ್ತದೆ, ಬೇಯದ್ದು ಅಥವಾ ಒಳಗೆ ಬಿರುಕಿರುವುದು ಮಂಕಾಗಿ ದನಿಗೊಡುತ್ತದೆ. ಕೊನೆಯದಾಗಿ, ಹಣ ಕೊಟ್ಟಾದರೂ ಸರಿ, ಒಂದು ದಪ್ಪ ಟೈಲನ್ನು ಒಡೆದು ಒಳಮೈ ನೋಡಿ. ಅಂಚಿನಿಂದ ಅಂಚಿಗೆ ಒಂದೇ ಕೆಂಪು ಇರಬೇಕು. ಮಧ್ಯದಲ್ಲಿ ಬೂದು ಅಥವಾ ಕಪ್ಪು ಪಟ್ಟಿ ಕಂಡರೆ ಒಳಗಿನವರೆಗೆ ಸರಿಯಾಗಿ ಸುಟ್ಟಿಲ್ಲ ಎಂದು ತಿಳಿಯಿರಿ. ದಪ್ಪ ಹೆಚ್ಚಿದಷ್ಟೂ ಈ ದೋಷದ ಸಾಧ್ಯತೆ ಹೆಚ್ಚು. ಸರಿಯಾಗಿ ಸುಡದ 25 ಮಿ.ಮೀ. ಟೈಲಿಗಿಂತ ಹದವಾಗಿ ಸುಟ್ಟ 15 ಮಿ.ಮೀ. ಟೈಲನ್ನು ನಾನು ಯಾವ ಸಂಕೋಚವೂ ಇಲ್ಲದೆ ಆರಿಸುತ್ತೇನೆ, ಏಕೆಂದರೆ ಕಾಲಡಿಯಲ್ಲಿ ಸವೆಯುವುದು ಮೇಲ್ಮೈ, ಅದರ ಗಟ್ಟಿತನ ಬರುವುದು ಬೆಂಕಿಯಿಂದಲೇ ಹೊರತು ದಪ್ಪದಿಂದಲ್ಲ.

ಎರಡು ಟೈಲುಗಳನ್ನು ಮನೆಗೆ ತಂದು ನೀರಿನ ಪರೀಕ್ಷೆಯನ್ನೂ ಮಾಡಿ. ಚೆನ್ನಾಗಿ ಒಣಗಿಸಿ ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಮೇಲಿನ ನೀರು ಒರೆಸಿ ಮತ್ತೆ ತೂಗಿ. ಒಣ ಟೈಲು 1,000 ಗ್ರಾಂ ಇದ್ದು ನೆನೆದ ಮೇಲೆ 1,120 ಗ್ರಾಂ ಆದರೆ ನೀರು ಹೀರಿಕೆ ಶೇ. 12 ಎಂದರ್ಥ. ಐಎಸ್ 1478ರ ಪ್ರಕಾರ ಮೊದಲ ದರ್ಜೆಗೆ ಇದು ಶೇ. 10, ಎರಡನೆಯದಕ್ಕೆ ಶೇ. 19, ಮೂರನೆಯದಕ್ಕೆ ಶೇ. 24 ಮೀರಬಾರದು. ಕರಾವಳಿ, ಮಲೆನಾಡಿನ ಮಳೆಗೆ ತೆರೆದ ಜಾಗಗಳಿಗೆ ಶೇ. 10ರ ಆಸುಪಾಸಿನದನ್ನೇ ಹುಡುಕಿ. ಹೆಚ್ಚು ನೀರು ಹೀರುವ ಟೈಲು ಎಷ್ಟೇ ದಪ್ಪವಿದ್ದರೂ ಹಾವಸೆ ಹಿಡಿದು ಜಾರುತ್ತದೆ.

ಇಲ್ಲೊಂದು ಎಚ್ಚರಿಕೆ. ಹಂಚಿನ ಮಾಡಿನ ಕೆಳಗೆ ಹಾಕುವ ಸೀಲಿಂಗ್ ಹಂಚು ಬಣ್ಣದಲ್ಲಿ, ಆಕಾರದಲ್ಲಿ ನೆಲದ ಟೈಲನ್ನೇ ಹೋಲುತ್ತದೆ, ಬೆಲೆಯೂ ಕಡಿಮೆ. ಅದನ್ನು ತನ್ನ ತೂಕವನ್ನಷ್ಟೇ ಹೊರಲೆಂದು ಮಾಡಿರುತ್ತಾರೆ. ನೆಲಕ್ಕೆ ಹಾಕಬೇಡಿ.

7. ಅಳತೆಗೆ ತಕ್ಕ ಕೂರಿಸುವ ವಿಧಾನ ನಿರ್ಧರಿಸಿ

ನಿಮ್ಮ ಹತ್ತು ಟೈಲುಗಳ ಪಟ್ಟಿಯಲ್ಲಿ ಅತಿ ದಪ್ಪಕ್ಕೂ ಅತಿ ತೆಳುವಿಗೂ ಇರುವ ಅಂತರ 1 ಮಿ.ಮೀ. ಆಸುಪಾಸಿನಲ್ಲಿದ್ದು, ಮೊದಲ ಹಂತದಲ್ಲಿ ಬರೆದಿಟ್ಟ ನೆಲದ ಏರುತಗ್ಗು 3 ಮಿ.ಮೀ. ಒಳಗಿದ್ದರೆ ಅಡೆಸಿವ್ ಬಳಸಬಹುದು. ಅಂತರ 2 ಮಿ.ಮೀ. ದಾಟಿದರೆ ಗಾರೆಯೇ ಸರಿ. ದಪ್ಪ ಟೈಲನ್ನು ತುಸು ಒತ್ತಿ, ತೆಳುವಾದದ್ದರ ಕೆಳಗೆ ತುಸು ತುಂಬಿ ಮಟ್ಟ ತರಲು ಗಾರೆಯಲ್ಲಿ ಮಾತ್ರ ಅವಕಾಶವಿದೆ. ಅಡೆಸಿವ್ ಪದರವನ್ನೇ ದಪ್ಪ ಮಾಡಿ ಈ ವ್ಯತ್ಯಾಸ ಮುಚ್ಚಲು ಹೊರಟರೆ ಅದು ಒಣಗುವಾಗ ಕುಗ್ಗಿ ಟೈಲಿನ ಅಡಿಯಲ್ಲಿ ಟೊಳ್ಳು ಬಿಡುತ್ತದೆ.

ಗಾರೆಯ ಮೇಲೆ ಕೂರಿಸುವ ಟೈಲುಗಳನ್ನು ಗುಳ್ಳೆ ಏಳುವುದು ನಿಲ್ಲುವವರೆಗೆ ನೀರಿನಲ್ಲಿ ನೆನೆಸಿ, ಮೇಲಿನ ನೀರು ಆರಿದ ಮೇಲೆ ಬಳಸಬೇಕು, ಇಲ್ಲವಾದರೆ ಒಣ ಟೈಲು ಗಾರೆಯ ನೀರನ್ನೆಲ್ಲ ಹೀರಿ ಹಿಡಿತ ಕಳೆಯುತ್ತದೆ. ದಪ್ಪ ಟೈಲಿಗೆ ಹೆಚ್ಚು ಹೊತ್ತು ಬೇಕು. ಅಡೆಸಿವ್‌ಗೆ ನೆನೆಸಬಾರದು, ಹಿಂಬದಿಯ ಧೂಳನ್ನು ಒದ್ದೆ ಸ್ಪಂಜಿನಿಂದ ಒರೆಸಿದರೆ ಸಾಕು. ಟೈಲಿನ ಅಳತೆಯ ವ್ಯತ್ಯಾಸ ಕಾಣದಂತೆ ಮಾಡಲು 5ರಿಂದ 8 ಮಿ.ಮೀ. ಸಂದು ಬಿಡಿಸಿ, ಗೋಡೆಯ ಬುಡದಲ್ಲಿಯೂ ಅಷ್ಟೇ ಜಾಗವಿರಲಿ. ಸುಟ್ಟ ಮಣ್ಣು ಗಾಳಿಯ ತೇವ ಹೀರಿ ಕಾಲಕ್ರಮದಲ್ಲಿ ಅತ್ಯಲ್ಪವಾಗಿ ಹಿಗ್ಗುತ್ತದೆ, ಗೋಡೆಗೆ ಒತ್ತಿ ಕೂರಿಸಿದ ನೆಲಕ್ಕೆ ಹಿಗ್ಗಲು ಜಾಗವಿಲ್ಲದೆ ಮಧ್ಯದಲ್ಲಿ ಟೈಲುಗಳು ಎದ್ದು ನಿಲ್ಲುತ್ತವೆ.

ಪಕ್ಕಪಕ್ಕದ ಕೋಣೆಗಳಿಗೆ ಬೇರೆ ಬೇರೆ ದಪ್ಪ ಆರಿಸಿದ್ದರೆ ಗಾಬರಿಯಾಗಬೇಕಿಲ್ಲ. ತೆಳು ಟೈಲಿನ ಕೋಣೆಯಲ್ಲಿ ಗಾರೆಯನ್ನು ಅಷ್ಟು ಏರಿಸಿದರೆ ಮೇಲ್ಮಟ್ಟ ಒಂದೇ ಆಗುತ್ತದೆ. ಆದರೆ ಇದನ್ನು ಕೆಲಸ ಆರಂಭಿಸುವ ಮೊದಲೇ ಮೇಸ್ತ್ರಿಗೆ ತಿಳಿಸಿ, ಮುಗಿದ ನೆಲದ ಮಟ್ಟವನ್ನು ಎಲ್ಲ ಕೋಣೆಗಳ ಗೋಡೆಯ ಮೇಲೂ ದಾರ ಹಿಡಿದು ಗುರುತು ಹಾಕಿಸಿ.

8. ಆರ್ಡರ್ ಕೊಡುವಾಗ

ಬಿಲ್ಲಿನಲ್ಲಿ ಉದ್ದ, ಅಗಲದ ಜೊತೆಗೆ ದಪ್ಪವನ್ನೂ, ಎಷ್ಟು ವ್ಯತ್ಯಾಸ ಒಪ್ಪಿಗೆ ಎಂಬುದನ್ನೂ ಬರೆಯಿಸಿ: ಉದಾಹರಣೆಗೆ 20 ಮಿ.ಮೀ., ಹೆಚ್ಚುಕಡಿಮೆ 1.5 ಮಿ.ಮೀ. ಸಾಗಣೆಯ ಲೆಕ್ಕವೂ ದಪ್ಪಕ್ಕೆ ತಕ್ಕಂತೆ ಬದಲಾಗುತ್ತದೆ. 500 ಚದರಡಿಗೆ 20 ಮಿ.ಮೀ. ಟೈಲು ಸುಮಾರು 1,750 ಕಿಲೋ ಆದರೆ 12 ಮಿ.ಮೀ.ನದು 1,050 ಕಿಲೋ, ಸಣ್ಣ ಗಾಡಿಯಾದರೆ ಮೊದಲನೆಯದಕ್ಕೆ ಎರಡು ಬಾಡಿಗೆ ಕೊಡಬೇಕಾಗಬಹುದು. ಬಂದ ಸರಕನ್ನು ಇಳಿಸುವಾಗಲೇ ಮತ್ತೊಮ್ಮೆ ಅಳೆಯಿರಿ, ಮತ್ತು ಟೈಲುಗಳನ್ನು ಒಂದರ ಮೇಲೊಂದು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿಸಿ.

ಒಡಕು, ಕತ್ತರಿಕೆಗೆಂದು ಶೇ. 10ರಷ್ಟು ಹೆಚ್ಚಿಗೆ ತರಿಸಿ, ಉಳಿದವನ್ನು ಮಾರಬೇಡಿ. ಮುಂದೆ ಕೊಳಾಯಿ ದುರಸ್ತಿಗೆಂದು ನಾಲ್ಕು ಟೈಲು ಕೀಳಬೇಕಾಗಿ ಬಂದಾಗ ಅದೇ ಕಾರ್ಖಾನೆಯ ಅದೇ ಅಳತೆಯ ಟೈಲು ತಂದರೂ ಇನ್ನೊಂದು ಗೂಡಿನ ಸರಕು ದಪ್ಪದಲ್ಲಿಯೂ ಬಣ್ಣದಲ್ಲಿಯೂ ಬೇರೆಯಾಗಿರುತ್ತದೆ. ಅಂಥ ಹೊತ್ತಿಗೆಂದು ಕನಿಷ್ಠ ಇಪ್ಪತ್ತು ಟೈಲುಗಳನ್ನು ಉಗ್ರಾಣದಲ್ಲಿ ಒಣ ಜಾಗದಲ್ಲಿ ತೆಗೆದಿಡಿ.